ಜಾಮೀನು ಆತು, ಮಗ ಬರಲಿಲ್ಲ

"ಜಾಮೀನು ಆತು ಅಂದ್ರಲ್ರಿ ಅಕ್ಕಾರ, ಮತ್ತ ನನ್ನ ಮಗ ಯಾಕ ಬರವಲ್ಲ?"

ಮಂಗಳವಾರ ಕೋರ್ಟಿನ ಕಾರಿಡಾರಿನಲ್ಲಿ ಆ ತಾಯಿ ಕೇಳಿದ್ದು. ಮಗ ನಮ್ಮ ಬೀದಿಯ ಕಟ್ಟಡದಲ್ಲಿ ಗಾರೆ ಕೆಲಸಕ್ಕಿದ್ದ. ಕಬ್ಬಿಣ ಕದ್ದ ಆರೋಪ. ಆದೇಶ ಬಂದು ವಾರಗಳೇ ಆದವು, ಬೇಕಿರುವುದು ಒಬ್ಬ ಜಾಮೀನುದಾರ. ರಾಯಚೂರು ಕಡೆಯಿಂದ ಆ ತಾಯಿ ತಮ್ಮ ಸ್ವಂತ ಅಣ್ಣನನ್ನೇ ಕರೆತಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಪಹಣಿ, ಎರಡು ಎಕರೆ ಒಣಭೂಮಿ. ಗುಮಾಸ್ತರು ಅದನ್ನು ಪೂರ್ತಿ ಬಿಚ್ಚಲೂ ಇಲ್ಲ. "ಬೇರೆ ಜಿಲ್ಲೆಯದು ನಡೆಯಲ್ಲಮ್ಮ, ಇಲ್ಲಿಯವರನ್ನ ಕರ್ಕೊಂಡು ಬನ್ನಿ." ಸಿಟ್ಟಿನಿಂದ ಹೇಳಲಿಲ್ಲ, ದಿನವೂ ಹೇಳುವ ಮಾತಿನಂತೆ ಹೇಳಿದರು. ಫೀಸು ತೆಗೆದುಕೊಂಡ ವಕೀಲರು ಫೋನೇ ಎತ್ತಲಿಲ್ಲ. ಅವರ ಬಗ್ಗೆ ನನಗೆ ಒಂದಿಷ್ಟೂ ಗೌರವ ಉಳಿದಿಲ್ಲ.

ಮತ್ತ ಯಾಕ ಬರವಲ್ಲ?

1978ರಲ್ಲೇ ಇದಕ್ಕೆ ಉತ್ತರ ಸಿಕ್ಕಿತ್ತು. ಮಧ್ಯಪ್ರದೇಶದ ಮೋತಿರಾಮ್ ಕೂಡ ಗಾರೆಯವನೇ. ಅಲ್ಲಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಗೆ ಜಾಮೀನು ಕೇಳಿ, ಅವನ ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ನಿರಾಕರಿಸಿದ್ದರು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಕಟುವಾಗಿ ಖಂಡಿಸಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ, ಅಂದರೆ ಜಾಮೀನುದಾರನಿಲ್ಲದೆ ಅವನೇ ಬರೆದುಕೊಡುವ ಪತ್ರದ ಮೇಲೆ, ಬಿಡಿಸಿದರು. ಮರುವರ್ಷ ಭಾರತ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರಿತು. ವಿಚಾರಣೆಗೆ ಕಾಯುವವರನ್ನು ಕೂಡಿಹಾಕುವುದೇ ಸಾಮಾನ್ಯ ನಿಯಮ ಆಗಬಾರದು, ಬೇಕಾದರೆ ಕೋರ್ಟಿಗೆ ಬರುವ ಖಾತರಿ ಕೇಳಿ ಎನ್ನುತ್ತದೆ ಅದರ 9ನೇ ವಿಧಿ. ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳು, ತೀರ್ಪಾಗದವರನ್ನು ನಿರಪರಾಧಿಗಳೆಂದೇ ನಡೆಸಿಕೊಳ್ಳಿ, ಶಿಕ್ಷೆಯಾದವರ ಜೊತೆ ಇಡಬೇಡಿ ಎನ್ನುತ್ತವೆ. ಆದರೂ 2022ರ ಕೊನೆಗೆ ನಮ್ಮ ಜೈಲುಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರೇ.

ಖಾತರಿ ಬೇಕಿರುವುದು ಹುಡುಗ ತಾರೀಖಿಗೆ ಬರುತ್ತಾನೋ ಇಲ್ಲವೋ ಎಂಬುದಕ್ಕೆ. ಪಹಣಿ ಅದನ್ನು ಹೇಗೆ ಹೇಳುತ್ತದೆ? ಶೆಡ್ಡಿನಲ್ಲಿ ಮಗನಿಗಾಗಿ ಕಾಯುವ ತಾಯಿ, ಅವನನ್ನು ವರ್ಷಗಳಿಂದ ಬಲ್ಲ ಮೇಸ್ತ್ರಿ, ಬಾಕಿ ಇರುವ ಕೂಲಿ, ಇವೆಲ್ಲ ಅವನನ್ನು ಇಲ್ಲಿಗೆ ಕಟ್ಟಿಹಾಕುವುದಿಲ್ಲವೇ? ಇದನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಜಮೀನಿರುವ ಪರಿಚಯಸ್ಥ ಗಾರೆಯವನಿಗೆ ಎಲ್ಲಿಂದ ಬರಬೇಕು? ಹೊರಗೆ ಗೇಟಿನ ಬಳಿ ಒಬ್ಬಾತ, ದುಡ್ಡು ಕೊಟ್ಟರೆ ಜಾಮೀನುದಾರನನ್ನು ತಾನೇ ಕೊಡಿಸುತ್ತೇನೆ ಎಂದು ಆ ತಾಯಿಯ ಹಿಂದೆ ಬಿದ್ದಿದ್ದ. ಗುರುತೇ ಇಲ್ಲದವನ ಸಹಿ ನಡೆಯುತ್ತದೆ, ಸೋದರಮಾವನದು ನಡೆಯುವುದಿಲ್ಲ!

ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರದ ವಕೀಲೆಯೊಬ್ಬರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಬಿಡುಗಡೆಯಾಗದೆ ಒಂದು ತಿಂಗಳಾದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆಯಂತೆ. "ಅಲ್ಲೀತನಕ ಯಾಕೆ ಕಾಯೋದು?" ಎಂದವರು ಸ್ವಂತ ಮುಚ್ಚಳಿಕೆಗೆ ಅರ್ಜಿ ಬರೆದೇಬಿಟ್ಟರು. ಸೋಮವಾರ ವಿಚಾರಣೆಗೆ ಬರುತ್ತದೆ. ಮೇಸ್ತ್ರಿಯನ್ನೂ ಕರೆದುಕೊಂಡು ಹೋಗುತ್ತಿದ್ದೇವೆ.