ಬರೀ ಕೀಲಿ ಕೊಡೋದಕ್ಕೆ 20 ಪರ್ಸೆಂಟಾ?

ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳಿದ್ದಾರೆ, ಬಸ್ಸಿನಲ್ಲಿ ಕೇಳಿದ್ದಾರೆ, ಒಮ್ಮೆ ಹಲ್ಲಿನ ಡಾಕ್ಟರು ನನ್ನ ಬಾಯಿ ತೆರೆಸಿಟ್ಟುಕೊಂಡೇ ಕೇಳಿದ್ದಾರೆ. ಸಕಲೇಶಪುರದ ಸುತ್ತಮುತ್ತ ಬೇರೆಯವರ ಆರು ಮನೆ ನೋಡಿಕೊಳ್ಳುತ್ತೇನೆ. ಮಾಲೀಕರು ಬೆಂಗಳೂರಲ್ಲೋ ಸಿಡ್ನಿಯಲ್ಲೋ ಇರುತ್ತಾರೆ. ಎರಡು ದಿನಕ್ಕೆ, ಮೂರು ದಿನಕ್ಕೆ ಬರುವವರಿಗೆ ಮನೆ ಕೊಟ್ಟು, ಬಾಡಿಗೆಯಲ್ಲಿ 20 ಪರ್ಸೆಂಟ್ ಇಟ್ಟುಕೊಳ್ಳುತ್ತೇನೆ. ಇಷ್ಟು ಹೇಳಿದರೆ ಸಾಕು: "ಬರೀ ಕೀಲಿ ಕೊಡೋದಕ್ಕೆ 20 ಪರ್ಸೆಂಟಾ?"

ಆ "ಬರೀ" ಇದೆಯಲ್ಲ, ಅದೇ ನನಗೆ ಆಗಿಬರದ್ದು. ಅಷ್ಟಕ್ಕೂ ಕೀಲಿ ನಾನು ಕೊಡೋದೇ ಇಲ್ಲ. ನಾಲ್ಕು ಮನೆಗೆ ನಂಬರ್ ಒತ್ತುವ ಬೀಗ ಇದೆ. ಉಳಿದೆರಡರ ಕೀಲಿ ಹೂಕುಂಡದ ಕೆಳಗಿರುತ್ತದೆ, ಯಾವ ಕುಂಡ ಅಂತ ಕೇಳಬೇಡಿ.

ಲೆಕ್ಕ ಬೇಕಾ, ತಗೊಳ್ಳಿ. ರಾತ್ರಿಗೆ 5,000 ಬಾಡಿಗೆ ಅಂದ್ರೆ ನನಗೆ 1,000. ಅದೂ ಶನಿವಾರ, ಭಾನುವಾರ. ವಾರದ ಮಧ್ಯೆ ಹಲ್ಲಿಗಳು ಬಿಟ್ಟಿಯಾಗಿ ತಂಗುತ್ತವೆ. ಆ ಸಾವಿರದಲ್ಲೇ ನನ್ನ ಪೆಟ್ರೋಲು, ಮಳೆಗಾಲದಲ್ಲಿ ನಾಲ್ಕು ದಿನವಾದರೂ ಒಣಗದ ಬೆಡ್‌ಶೀಟುಗಳ ಲಾಂಡ್ರಿ, ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಕಳಿಸುವ ಗಡಿಬಿಡಿ, ಇಂಬಳ, ಅಂದ್ರೆ ಜಿಗಣೆ, ಹತ್ತಿತು ಅಂತ ರಾತ್ರಿ ಒಂದು ಗಂಟೆಗೆ ವಿಡಿಯೋ ಕಾಲ್ ಮಾಡುವವರಿಗೆ ಸಮಾಧಾನ, ಎಲ್ಲಾ ಬಂತು. ಒಬ್ಬರು ಒಂದೇ ಸ್ಟಾರ್ ಕೊಟ್ಟು "ಮಳೆ ಜಾಸ್ತಿ" ಅಂತ ಬರೆದರು. ಮನೆ ಬುಕ್ ಮಾಡುವ ಆ್ಯಪ್ ಏರ್‌ಬಿಎನ್‌ಬಿಯಲ್ಲಿ ಸರಾಸರಿ 4.8 ಸ್ಟಾರ್‌ಗಿಂತ ಇಳಿದರೆ ಸೂಪರ್‌ಹೋಸ್ಟ್ ಪಟ್ಟ ಹೋಗುತ್ತದೆ. ಮಳೆ ಮೇಲೆ ಯಾರಿಗೆ ದೂರು ಕೊಡಲಿ?

2024ರ ಜುಲೈ ಕೊನೆಯಲ್ಲಿ ದೋಣಿಗಲ್ ಹತ್ತಿರ ಮಂಗಳೂರಿಗೆ ಹೋಗುವ ಹೆದ್ದಾರಿ ಮೇಲೆ ಗುಡ್ಡ ಜಾರಿತು. ಅಷ್ಟರಲ್ಲಾಗಲೇ ಯಡಕುಮೇರಿ ಕಡೆ ಹಳಿಯ ಕೆಳಗಿನ ಮಣ್ಣು ಕುಸಿದು ಮಂಗಳೂರಿನ ರೈಲೂ ನಿಂತಿತ್ತು. ಮಂಗಳೂರಿನ ಏಳು ಜನರ ಕುಟುಂಬ ಅವತ್ತು ಹನ್ನೊಂದಕ್ಕೆ ಮನೆ ಖಾಲಿ ಮಾಡಬೇಕಿತ್ತು. "ರಸ್ತೆ ಮುಚ್ಚಿದ್ದು ನಮ್ಮ ತಪ್ಪಾ?" ಅಂದರು. ಮಾಲೀಕರು ಫೋನಿನಲ್ಲಿ, "ಇವತ್ತಿನ ಬಾಡಿಗೆ ತಗೊಂಡ್ಯಾ?" ಇಬ್ಬರದ್ದೂ ನ್ಯಾಯವೇ, ನಡುವೆ ನಾನು. ಕರೆಂಟಿಲ್ಲ, ಇನ್ವರ್ಟರ್ ಸತ್ತಿದೆ, ಮೋಟಾರ್ ಓಡಲ್ಲ, ಏಳು ಜನ, ಎರಡು ಬಾತ್‌ರೂಮ್. ಬಾವಿಯಿಂದ ನೀರು ಸೇದಿ ಸೇದಿ ಹಾಕಿದೆ, ಅಕ್ಕಿ ರೊಟ್ಟಿ ತಟ್ಟಿಸಿದೆ. ಕೊನೆಗೆ ಅತಿಥಿಗಳನ್ನು ಅರ್ಧ ಬಾಡಿಗೆಗೆ ಒಪ್ಪಿಸಿದೆ, ಉಳಿದರ್ಧ ನನ್ನ ಪಾಲಿನಲ್ಲಿ ಮುರಿಯಿತು. ಹೊರಡುವಾಗ ಆ ಕುಟುಂಬದ ಯಜಮಾನರು ಕಾರಿನ ಗಾಜು ಇಳಿಸಿದರು. ಥ್ಯಾಂಕ್ಸ್ ಹೇಳ್ತಾರೆ ಅಂದುಕೊಂಡೆ. "ಅಂದಹಾಗೆ, ಇದ್ರಲ್ಲಿ ನಿಮಗೆಷ್ಟು ಉಳಿಯುತ್ತೆ?"

ಅತಿಥಿಗಳ ಮಕ್ಕಳು ಇನ್ನೊಂದು ಪ್ರಶ್ನೆ ಕೇಳುತ್ತಾರೆ. ದೊಡ್ಡವರೂ ಅದನ್ನು ಕೇಳಬಾರದಾ ಅನ್ನಿಸುತ್ತದೆ: "ಆ ಬೀಗ ಹಾಕಿದ ರೂಮಲ್ಲಿ ಏನಿದೆ?"

ಆರು ಮನೆಯಲ್ಲೂ ಅಂಥದ್ದೊಂದು ರೂಮಿದೆ. ಬಾಡಿಗೆಗೆ ಕೊಡುವ ಮುಂಚೆ ಮಾಲೀಕರು ತಮ್ಮದು ಅನ್ನುವುದನ್ನೆಲ್ಲ ಅಲ್ಲಿ ತುಂಬಿ ಹೋಗಿರುತ್ತಾರೆ. ಒಂದರಲ್ಲಿ ಹಳೇ ಕೋವಿಯ ಖಾಲಿ ಪೆಟ್ಟಿಗೆ, ಒಂದರಲ್ಲಿ ಕಾಲು ಮುರಿದ ತೊಟ್ಟಿಲು. ಸಿಡ್ನಿಯವರ ಮನೆಯಲ್ಲಿ ಅವರ ಅಮ್ಮನ ಸೀರೆಗಳ ಬೀರು. ಅಮ್ಮ ತೀರಿಕೊಂಡ ಮೇಲೆ ಯಾರೂ ತೆಗೆದಿಲ್ಲ. ಇಲ್ಲಿನ ಮಳೆಗೆ ಹದಿನೈದು ದಿನ ಬಿಟ್ಟರೆ ಚಪ್ಪಲಿಗೂ ಬೂಷ್ಟು ಬರುತ್ತದೆ, ಇನ್ನು ರೇಷ್ಮೆ ಉಳಿಯುತ್ತಾ? ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ಬೀಗ ತೆಗೆದು, ಸೀರೆಗಳ ಮಡಿಕೆ ಬದಲಿಸಿ, ಬೀರುವಿನ ತಳದಲ್ಲಿ ಬಟ್ಟೆಗೆ ತಾಗದ ಹಾಗೆ ಒಂದು 40 ವ್ಯಾಟಿನ ಹಳೇ ಥರದ ಬಲ್ಬು ಉರಿಸಿಟ್ಟು, ಬೀರುವಿನ ತೇವ ಆರುವವರೆಗೆ ಅಲ್ಲೇ ಕೂತಿರುತ್ತೇನೆ. ಅಗ್ರಿಮೆಂಟಿನಲ್ಲಿ ಇದಿಲ್ಲ.

ಹೋದ ತಿಂಗಳು ಸಿಡ್ನಿಯವರಿಗೆ ಲೆಕ್ಕ ಕಳಿಸುವಾಗ "ಬಲ್ಬು, 1" ಅಂತ ಸೇರಿಸಿದ್ದೆ. ಯಾವ ರೂಮಿಗೆ ಅಂತ ಕೇಳಿದರು. ಹೇಳಿದೆ. ಆ ತಿಂಗಳ ಮಟ್ಟಿಗೆ ಕಮಿಷನ್ ಮಾತು ಬರಲಿಲ್ಲ.