ಹಕ್ಕಿಗೆ ದಾರಿ ಹೇಳಿದವರು ಯಾರು?

ಹಕ್ಕಿ ನೋಡುವ ಚಟ ಇದೆ ಅಂತ ಗೊತ್ತಾದರೆ ಸಾಕು, ಎದುರಿಗಿದ್ದವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಅಲ್ಲಾ, ವಲಸೆ ಹಕ್ಕಿಗಳು ಸಾವಿರಾರು ಕಿಲೋಮೀಟರ್ ದೂರದಿಂದ ಬರ್ತಾವಲ್ಲ, ಅವಕ್ಕೆ ದಾರಿ ಹೇಗೆ ಗೊತ್ತಾಗುತ್ತೆ?" ನಾನು ಬಾಯಿ ತೆರೆಯುವ ಮೊದಲೇ ಅರ್ಧ ಜನ ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ. "ತಲೇಲಿ ಅಯಸ್ಕಾಂತ ಇರುತ್ತಂತಲ್ಲ?"

ಹೂಂ ಅಂದರೆ ಮಾತು ಅಲ್ಲಿಗೇ ಮುಗಿಯುತ್ತೆ. ಅದಕ್ಕೇ ನನಗೆ ಆ ಉತ್ತರ ಅಷ್ಟಾಗಿ ಇಷ್ಟವಿಲ್ಲ. ಯಾರೋ ನಿಮ್ಮನ್ನು ಕಣ್ಣು ಕಟ್ಟಿ ಕಾಡಿಗೆ ಬಿಟ್ಟು, ಕೈಗೊಂದು ಒಳ್ಳೆಯ ದಿಕ್ಸೂಚಿ ಕೊಟ್ಟರು ಅಂತಿಟ್ಟುಕೊಳ್ಳಿ. ಉತ್ತರ ಯಾವ ಕಡೆ ಅಂತ ಮುಳ್ಳು ತೋರಿಸುತ್ತೆ, ನಿಜ. ಆದರೆ ನಿಮ್ಮ ಊರು ಅಲ್ಲಿಂದ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಅದು ಹೇಳಲಾರದು. ದಿಕ್ಕು ಗೊತ್ತಿರುವುದು ಬೇರೆ, ತಾನೆಲ್ಲಿದ್ದೇನೆ ಅಂತ ಗೊತ್ತಿರುವುದು ಬೇರೆ. ಹಾಗಾಗಿ ದಾರಿಯ ಪ್ರಶ್ನೆ ಬಂದಾಗಲೆಲ್ಲ ನಾನೂ ಒಂದು ಮರುಪ್ರಶ್ನೆ ಹಾಕುತ್ತೇನೆ: ಯಾವ ಹಕ್ಕಿಯ ಬಗ್ಗೆ ಕೇಳ್ತಿದ್ದೀರಿ? ಮೊದಲ ಸಲ ಹೊರಟ ಮರಿಯೋ, ಹೋಗಿ ಬಂದು ರೂಢಿಯಾದ ಹಿರಿಯ ಹಕ್ಕಿಯೋ?

ಈ ವ್ಯತ್ಯಾಸ ಯಾಕೆ ಮುಖ್ಯ ಅನ್ನುವುದನ್ನು ತೋರಿಸಿಕೊಟ್ಟದ್ದು ನೆದರ್ಲೆಂಡ್ಸಿನ ಪಕ್ಷಿತಜ್ಞ ಪರ್ಡೆಕ್. ನಮ್ಮ ಮೈನಾಗಳ ಬಳಗಕ್ಕೇ ಸೇರಿದ ಸ್ಟಾರ್ಲಿಂಗ್ ಹಕ್ಕಿಗಳು ಬಾಲ್ಟಿಕ್ ಸಮುದ್ರದ ಸುತ್ತಲಿನ ನಾಡುಗಳಿಂದ ಚಳಿಗಾಲಕ್ಕೆ ನೈಋತ್ಯದ ಕಡೆ ಹೊರಟು, ನೆದರ್ಲೆಂಡ್ಸನ್ನು ಹಾದು, ಉತ್ತರ ಫ್ರಾನ್ಸ್ ಮತ್ತು ಬ್ರಿಟನ್ನಿನಲ್ಲಿ ತಂಗುತ್ತವೆ. 1950ರ ಆಸುಪಾಸಿನ ವರ್ಷಗಳಲ್ಲಿ ಹೇಗ್ ನಗರದ ಬಳಿ ಇಂಥ 11 ಸಾವಿರಕ್ಕೂ ಹೆಚ್ಚು ಹಕ್ಕಿಗಳನ್ನು ದಾರಿ ಮಧ್ಯೆ ಹಿಡಿದು, ಕಾಲಿಗೆ ಉಂಗುರ ತೊಡಿಸಿ, ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಸಾಗಿಸಿ ಬಿಡಲಾಯಿತು. ಅಂದರೆ ಅವುಗಳನ್ನು ಹಾದಿಯಿಂದ ಐನೂರು ಆರುನೂರು ಕಿಲೋಮೀಟರ್ ಪಕ್ಕಕ್ಕೆ ಎತ್ತಿಟ್ಟಂತಾಯಿತು. ಹಿರಿಯ ಹಕ್ಕಿಗಳು ಎಡವಟ್ಟನ್ನು ಅರಿತು ವಾಯವ್ಯಕ್ಕೆ ತಿರುಗಿ, ತಮ್ಮ ಹಳೆಯ ಚಳಿಗಾಲದ ನೆಲೆಯತ್ತಲೇ ಹೊರಟವು. ಅದೇ ವರ್ಷ ಹುಟ್ಟಿದ ಮರಿಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಮೊದಲಿನ ದಿಕ್ಕಿನಲ್ಲೇ ಹಾರಿ ದಕ್ಷಿಣ ಫ್ರಾನ್ಸಿಗೂ ಸ್ಪೇನಿಗೂ ಹೋಗಿ ಇಳಿದವು.

ಈ ಪ್ರಯೋಗದ ವರದಿ 1958ರಲ್ಲಿ ಪ್ರಕಟವಾಯಿತು. ನನ್ನ ಮಟ್ಟಿಗೆ ಹಕ್ಕಿ ವಲಸೆಯ ಬಗ್ಗೆ ನಡೆದಿರುವ ಅತಿ ಚೊಕ್ಕ ಪ್ರಯೋಗ ಇದು. ಸಾಗಿಸಲು ಬಳಸಿದ ವಿಮಾನ ಬಿಟ್ಟರೆ ಇದಕ್ಕೆ ಯಂತ್ರಗಿಂತ್ರ ಏನೂ ಬೇಕಾಗಲಿಲ್ಲ, ಉಂಗುರ ಮತ್ತು ತಾಳ್ಮೆ ಸಾಕಾಯಿತು. ಮರಿಯ ಹತ್ತಿರ ಇದ್ದದ್ದು "ಇಂಥ ದಿಕ್ಕಿಗೆ ಹಾರು, ಇಷ್ಟು ಕಾಲ ಹಾರು" ಅನ್ನುವ ಆಜ್ಞೆ ಮಾತ್ರ. ಹಿರಿಯ ಹಕ್ಕಿಯ ಹತ್ತಿರ ನಕಾಶೆಯಂಥದ್ದೇನೋ ಇತ್ತು. ಇನ್ನೊಂದು ಸ್ವಾರಸ್ಯ ನೋಡಿ, ತಪ್ಪಿ ಸ್ಪೇನಿಗೆ ಹೋದ ಮರಿಗಳಲ್ಲಿ ಕೆಲವು ಮುಂದಿನ ಚಳಿಗಾಲಗಳಲ್ಲೂ ಸ್ಪೇನಿಗೇ ಹೋದವು. ಒಮ್ಮೆ ಕಂಡ ಜಾಗ ಅವುಗಳ ನಕಾಶೆಯಲ್ಲಿ ಗುರುತಾಗಿಹೋಗಿತ್ತು.

ಹಾಗಾದರೆ ಮರಿಗೆ ಆ ಆಜ್ಞೆ ಕೊಟ್ಟವರು ಯಾರು? ಅಪ್ಪ ಅಮ್ಮ ಕಲಿಸಿರಬೇಕು ಅನ್ನುವುದು ಸಹಜವಾದ ಊಹೆ. ಕೊಕ್ಕರೆ, ಹೆಬ್ಬಾತುಗಳಂಥ ಗುಂಪಿನ ಹಕ್ಕಿಗಳಲ್ಲಿ ಅದು ಸುಮಾರು ನಿಜವೂ ಹೌದು. ಅಮೆರಿಕದ ಹೂಪಿಂಗ್ ಕ್ರೇನ್ ಎಂಬ ಅಳಿವಿನಂಚಿನ ಕೊಕ್ಕರೆಗಳನ್ನು ಮನುಷ್ಯರೇ ಸಾಕಿ, ಪುಟ್ಟ ವಿಮಾನದ ಹಿಂದೆ ಹಾರಿಸಿ ವಿಸ್ಕಾನ್ಸಿನ್‌ನಿಂದ ಫ್ಲಾರಿಡಾಕ್ಕೆ ದಾರಿ ತೋರಿಸಿದ್ದರು. ಆಮೇಲಿನ ವರ್ಷಗಳ ಲೆಕ್ಕ ನೋಡಿದಾಗ, ಏಳು ವರ್ಷದ ಅನುಭವಿ ಹಕ್ಕಿಯೊಂದು ಜೊತೆಗಿದ್ದ ಗುಂಪು ನೇರ ದಾರಿಯಿಂದ ಅಡ್ಡ ಸರಿಯುವುದು, ಒಂದು ವರ್ಷದ ಹಕ್ಕಿಗಳಷ್ಟೇ ಇದ್ದ ಗುಂಪಿಗೆ ಹೋಲಿಸಿದರೆ, ಮೂರನೇ ಒಂದು ಭಾಗಕ್ಕೂ ಮಿಕ್ಕಿ ಇಳಿದಿತ್ತು.

ಆದರೆ ಕೋಗಿಲೆಯ ಬಳಗದ ಕುಕ್ಕೂ ಹಕ್ಕಿಯನ್ನು ತೆಗೆದುಕೊಳ್ಳಿ. ಬೇರೆ ಜಾತಿಯ ಪುಟ್ಟ ಹಕ್ಕಿಯ ಗೂಡಿನಲ್ಲಿ ಹುಟ್ಟಿ, ಸಾಕುತಾಯಿಯ ಕೈತುತ್ತು ತಿಂದು ಬೆಳೆದ ಮರಿ, ಹೆತ್ತವರು ಯುರೋಪ್ ಬಿಟ್ಟು ಎಷ್ಟೋ ವಾರಗಳಾದ ಮೇಲೆ ಒಂಟಿಯಾಗಿ ಆಫ್ರಿಕಾದ ದಾರಿ ಹಿಡಿಯುತ್ತೆ. ಅದಕ್ಕೆ ಯಾರು ಹೇಳಿಕೊಟ್ಟರು? 2022ರ ಅಕ್ಟೋಬರಿನಲ್ಲಿ ಗಾಡ್ವಿಟ್ ಎಂಬ ನೀಳಕೊಕ್ಕಿನ ದಡದ ಹಕ್ಕಿಯೊಂದು ಅಲಾಸ್ಕಾದಿಂದ ಹೊರಟು, ಎಲ್ಲೂ ಇಳಿಯದೆ, 11 ದಿನ ಹಗಲೂ ರಾತ್ರಿ ಹಾರಿ 13,560 ಕಿ.ಮೀ. ಆಚೆಯ ಟಾಸ್ಮೇನಿಯಾ ತಲುಪಿತು. ಅದು ಐದು ತಿಂಗಳ ಮರಿ. ಅಂಥ ಪ್ರಯಾಣ ಅದಕ್ಕೆ ಅದೇ ಮೊದಲು.

ಇಂಥ ಹಕ್ಕಿಗಳಿಗೆ ದಿಕ್ಕು ಹುಟ್ಟಿನಿಂದಲೇ ಬಂದಿರುತ್ತೆ, ರಕ್ತಗತವಾಗಿ. ಬ್ಲ್ಯಾಕ್‌ಕ್ಯಾಪ್ ಎಂಬ ಗುಬ್ಬಿಗಾತ್ರದ ಹಾಡುಹಕ್ಕಿಯಲ್ಲಿ ಜರ್ಮನಿಯವು ನೈಋತ್ಯಕ್ಕೂ, ಪೂರ್ವ ಆಸ್ಟ್ರಿಯಾದವು ಆಗ್ನೇಯಕ್ಕೂ ವಲಸೆ ಹೋಗುತ್ತವೆ. ಎರಡರ ನಡುವೆ ಸಂಕರ ಮಾಡಿಸಿ ಹುಟ್ಟಿದ ಮರಿಗಳು ಹಿಡಿದ ದಿಕ್ಕು ಎರಡಕ್ಕೂ ನಡುವಿನದು, ಹೆಚ್ಚುಕಡಿಮೆ ದಕ್ಷಿಣ. ಕಲಿತ ವಿದ್ಯೆಯಾಗಿದ್ದರೆ ಅಪ್ಪನದೋ ಅಮ್ಮನದೋ ಒಂದು ಬರಬೇಕಿತ್ತು. ಎಷ್ಟು ಕಾಲ ಹಾರಬೇಕೆಂಬುದೂ ಹೀಗೇ ಹುಟ್ಟಿನಿಂದ ಬಂದದ್ದು. ವಲಸೆಯ ಕಾಲ ಬಂದಾಗ ಪಂಜರದ ಹಕ್ಕಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಹೋಗಬೇಕಾದ ಕಡೆಗೇ ಮುಖ ಮಾಡಿ ಕುಪ್ಪಳಿಸುತ್ತ, ರೆಕ್ಕೆ ಬಡಿಯುತ್ತ ಇರುತ್ತೆ. ದೂರ ಹೋಗುವ ಹಕ್ಕಿಗೆ ಈ ಚಡಪಡಿಕೆ ಹೆಚ್ಚು ವಾರ, ಹತ್ತಿರ ಹೋಗುವುದಕ್ಕೆ ಕಡಿಮೆ ವಾರ.

ಈ ಚಡಪಡಿಕೆಯೇ ವಿಜ್ಞಾನಿಗಳಿಗೆ ದೊಡ್ಡ ಉಪಕಾರ ಮಾಡಿತು. 1960ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಎಮ್ಲೆನ್ ಕಾಗದವನ್ನು ಆಲಿಕೆಯಂತೆ ಸುತ್ತಿ, ತಳದಲ್ಲಿ ಶಾಯಿ ಪ್ಯಾಡ್ ಇಟ್ಟು, ಮೇಲೆ ಜಾಲರಿ ಮುಚ್ಚಿ ಒಂದು ಪಂಜರ ಮಾಡಿದರು. ಒಳಗಿನ ಹಕ್ಕಿ ಹೋಗಬೇಕಾದ ದಿಕ್ಕಿಗೆ ಜಿಗಿಯುತ್ತೆ, ಇಳಿಜಾರಿನಲ್ಲಿ ಜಾರಿ ಮತ್ತೆ ಶಾಯಿಯ ಮೇಲೆ ಬೀಳುತ್ತೆ, ಮತ್ತೆ ಜಿಗಿಯುತ್ತೆ. ಬೆಳಗಾಗುವಷ್ಟರಲ್ಲಿ ಕಾಗದದ ಒಂದು ಮಗ್ಗುಲು ಪುಟ್ಟ ಹೆಜ್ಜೆಗಳಿಂದ ಕಪ್ಪಾಗಿರುತ್ತೆ. ಎಲ್ಲಿ ಕಪ್ಪು ಹೆಚ್ಚೋ ಹಕ್ಕಿ ಹೊರಡಬೇಕೆಂದಿದ್ದ ದಿಕ್ಕು ಅದೇ! ಪಂಜರವನ್ನು ಎಮ್ಲೆನ್ ತಾರಾಲಯದೊಳಗೆ ಇಟ್ಟು, ಇಂಡಿಗೊ ಬಂಟಿಂಗ್ ಎಂಬ ನೀಲಿ ಹಕ್ಕಿಯ ಮರಿಗಳಿಗೆ ಆಕಾಶ ತೋರಿಸಿದರು. ಒಂದು ಗುಂಪಿನ ಮರಿಗಳಿಗೆ ಬೇಕೆಂದೇ ಸುಳ್ಳು ಆಕಾಶ. ಧ್ರುವ ನಕ್ಷತ್ರದ ಸುತ್ತ ತಿರುಗಬೇಕಾದ ಆಗಸ ಅಲ್ಲಿ ಮಹಾವ್ಯಾಧ ಪುಂಜದ ಕೆಂಪು ಆರಿದ್ರಾ ನಕ್ಷತ್ರದ ಸುತ್ತ ತಿರುಗುತ್ತಿತ್ತು. ಶರತ್ಕಾಲ ಬಂದಾಗ ಆ ಮರಿಗಳು ಆರಿದ್ರಾ ಇರುವ ಕಡೆಯೇ ಉತ್ತರವೆಂದು ನಂಬಿ, ಅದಕ್ಕೆ ಬೆನ್ನು ಹಾಕಿ ಹೊರಟವು. ಅಂದರೆ ನಕ್ಷತ್ರಗಳ ಚಿತ್ರ ಹುಟ್ಟಿನಿಂದ ಬಂದದ್ದಲ್ಲ. ರಾತ್ರಿಯಿಡೀ ಕದಲದೆ ಇರುವ ಬಿಂದು ಯಾವುದೆಂದು ಮರಿಯಾಗಿದ್ದಾಗಲೇ ನೋಡಿ ಕಲಿಯುತ್ತವೆ.

ಹಗಲಲ್ಲಿ ಹಾರುವವಕ್ಕೆ ಸೂರ್ಯನಿದ್ದಾನೆ. ಜರ್ಮನಿಯ ಗುಸ್ತಾವ್ ಕ್ರಾಮರ್ ಪಂಜರದ ಕಿಟಕಿಗಳಿಗೆ ಕನ್ನಡಿ ಹಿಡಿದು ಬಿಸಿಲು ಬರುವ ದಿಕ್ಕನ್ನು ಬದಲಿಸಿದಾಗ ಸ್ಟಾರ್ಲಿಂಗ್‌ಗಳೂ ಅದಕ್ಕೆ ತಕ್ಕಂತೆ ತಿರುಗಿದವು. ಮೋಡ ಮುಚ್ಚಿದಾಗ ಗೊತ್ತುಗುರಿಯಿಲ್ಲದೆ ಕುಪ್ಪಳಿಸಿದವು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುವುದರಿಂದ ಹಕ್ಕಿಗೆ ಹೊತ್ತಿನ ಅರಿವೂ ಬೇಕು. ದೀಪ ಆರಿಸಿ ಹೊತ್ತಿಸಿ ಹಕ್ಕಿಯ ಒಳಗಿನ ಗಡಿಯಾರವನ್ನು ಆರು ಗಂಟೆ ಹಿಂದೆಮುಂದೆ ಮಾಡಿದರೆ ಅದು 90 ಡಿಗ್ರಿ ಪಕ್ಕಕ್ಕೆ ಹೋಗುತ್ತೆ.

ಇನ್ನು ಎಲ್ಲರ ಮೆಚ್ಚಿನ ಅಯಸ್ಕಾಂತ. ಇದೂ ನಿಜವೇ, ಆದರೆ ನಾವು ಅಂದುಕೊಂಡಂತೆ ಅಲ್ಲ. ಫ್ರಾಂಕ್‌ಫರ್ಟಿನ ವೋಲ್ಫ್‌ಗಾಂಗ್ ವಿಲ್ಚ್ಕೊ ಯುರೋಪಿನ ರಾಬಿನ್ ಹಕ್ಕಿಯ ಸುತ್ತ ತಂತಿಯ ಸುರುಳಿಗಳಿಂದ ಕೃತಕ ಕಾಂತಕ್ಷೇತ್ರ ಮಾಡಿ ಪರೀಕ್ಷಿಸಿದರು. ನಮ್ಮ ದಿಕ್ಸೂಚಿಯಂತೆ ಹಕ್ಕಿಯ ದಿಕ್ಸೂಚಿ ಉತ್ತರ ದಕ್ಷಿಣ ಹೇಳುವುದಿಲ್ಲವೆಂದು 1972ರಲ್ಲಿ ಗೊತ್ತಾಯಿತು. ಭೂಮಿಯ ಕಾಂತರೇಖೆಗಳು ಸಮಭಾಜಕದ ಹತ್ತಿರ ನೆಲಕ್ಕೆ ಸಮಾನಾಂತರವಾಗಿದ್ದು, ಧ್ರುವದ ಕಡೆ ಹೋದಷ್ಟೂ ಕಡಿದಾಗಿ ನೆಲಕ್ಕಿಳಿಯುತ್ತವೆ. ರಾಬಿನ್ ಗಮನಿಸುವುದು ಈ ಇಳುಕಲನ್ನು. ಹಾಗಾಗಿ ಅದಕ್ಕೆ ಗೊತ್ತಾಗುವುದು "ಧ್ರುವದ ಕಡೆ" ಮತ್ತು "ಸಮಭಾಜಕದ ಕಡೆ" ಅನ್ನುವುದು ಮಾತ್ರ.

ಅದಕ್ಕೂ ವಿಚಿತ್ರವಾದದ್ದು, ಈ ದಿಕ್ಸೂಚಿ ಕೆಲಸ ಮಾಡಲು ಬೆಳಕು ಬೇಕು. ನೀಲಿ, ಹಸಿರು ಬೆಳಕಿನಲ್ಲಿ ರಾಬಿನ್‌ಗೆ ದಿಕ್ಕು ತಿಳಿಯುತ್ತೆ, ಕೆಂಪು ಬೆಳಕಿನಲ್ಲಿ ತಿಳಿಯುವುದಿಲ್ಲ. ಅಲ್ಲಿಗೆ ಸಂಶಯ ಕಣ್ಣಿನ ಮೇಲೆ ಹೋಯಿತು. ಕಣ್ಣಿನ ರೆಟಿನಾದಲ್ಲಿ ಕ್ರಿಪ್ಟೊಕ್ರೋಮ್ ಎಂಬ ಪ್ರೋಟೀನ್ ಇದೆ. ಬೆಳಕು ತಾಗಿದಾಗ ಅದರೊಳಗೆ ನಡೆಯುವ ರಾಸಾಯನಿಕ ಕ್ರಿಯೆ ಕಾಂತಕ್ಷೇತ್ರಕ್ಕೆ ತಕ್ಕಂತೆ ಬದಲಾಗಬಲ್ಲದು. 2021ರಲ್ಲಿ ರಾಬಿನ್ನಿನ ಈ ಪ್ರೋಟೀನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ನೋಡಿದಾಗ, ವಲಸೆ ಹೋಗದ ಕೋಳಿ ಮತ್ತು ಪಾರಿವಾಳದ ಪ್ರೋಟೀನಿಗಿಂತ ಇದು ಕಾಂತಕ್ಷೇತ್ರಕ್ಕೆ ಹೆಚ್ಚು ಸ್ಪಂದಿಸಿತು. ಜೀವಂತ ಹಕ್ಕಿಯ ಕಣ್ಣಲ್ಲೂ ಹೀಗೇ ಆಗುತ್ತದೆಂಬುದಕ್ಕೆ ನೇರ ಸಾಕ್ಷ್ಯ ಇನ್ನೂ ಬರಬೇಕು. ಕೊಕ್ಕಿನಲ್ಲಿ ಕಬ್ಬಿಣದ ಕಣಗಳಿವೆ, ಅವೇ ದಿಕ್ಸೂಚಿ ಅಂತ ಓದಿದವರೂ ಇದ್ದೀರಿ. 2012ರಲ್ಲಿ ಪಾರಿವಾಳದ ಆ ಕಣಗಳನ್ನು ಸರಿಯಾಗಿ ನೋಡಿದಾಗ, ಅವು ಇದ್ದದ್ದು ನರಕೋಶಗಳಲ್ಲಿ ಅಲ್ಲ, ರೋಗನಿರೋಧಕ ಕೆಲಸ ಮಾಡುವ ಕೋಶಗಳಲ್ಲಿ ಅಂತ ತಿಳಿಯಿತು. ಹಳೆಯ ಕಥೆ ಮಾತ್ರ ಈಗಲೂ ಓಡುತ್ತಲೇ ಇದೆ.

ಇಷ್ಟೊಂದು ದಿಕ್ಸೂಚಿಗಳಿದ್ದರೆ ಒಂದು ಹೇಳಿದ್ದು ಇನ್ನೊಂದಕ್ಕೆ ಹೊಂದದಾಗ ಹಕ್ಕಿ ಏನು ಮಾಡುತ್ತೆ? ಅಮೆರಿಕದಲ್ಲಿ ಥ್ರಶ್ ಎಂಬ ಹಾಡುಹಕ್ಕಿಗಳ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಸೊಗಸಾಗಿ ತೋರಿಸಿತು. ಉತ್ತರಕ್ಕೆ ಹೋಗುತ್ತಿದ್ದ ಹಕ್ಕಿಗಳಿಗೆ ಪುಟ್ಟ ರೇಡಿಯೊ ಕಟ್ಟಿ, ಮುಸ್ಸಂಜೆಯ ಹೊತ್ತು ಪೂರ್ವಕ್ಕೆ ತಿರುಗಿಸಿದ ಕಾಂತಕ್ಷೇತ್ರದಲ್ಲಿಟ್ಟು, ಕತ್ತಲಾದ ಮೇಲೆ ಬಿಟ್ಟರು. ಆಮೇಲೆ ವಾಹನದಲ್ಲಿ ರಾತ್ರಿಯಿಡೀ ಬೆನ್ನಟ್ಟಿದರು. ಹಕ್ಕಿಗಳು ಪಶ್ಚಿಮಕ್ಕೆ ಹಾರಿದವು. ಸೂರ್ಯ ಮುಳುಗುವ ಹೊತ್ತಿಗೆ ಕಾಂತದ ಓದಿಕೆಯನ್ನು ಸಂಜೆಯ ಬೆಳಕಿಗೆ ಹೊಂದಿಸಿಕೊಂಡಿದ್ದವು, ಆ ಹೊಂದಾಣಿಕೆಯೇ ಸುಳ್ಳಾಗಿತ್ತು. ತಿರುಗಿಸಿದ ಕ್ಷೇತ್ರದಲ್ಲಿ ನಿಜವಾದ ಉತ್ತರ ಕಾಂತದ ಉತ್ತರಕ್ಕೆ ಎಡಗಡೆ ಇತ್ತು, ಬಿಟ್ಟ ಮೇಲೂ ಹಾಗೇ ಎಡಕ್ಕೆ ಹೊರಟು ಪಶ್ಚಿಮ ಹಿಡಿದವು. ಮಾರನೆಯ ಸಂಜೆ ನಿಜವಾದ ಮುಸ್ಸಂಜೆ ನೋಡಿದ ಮೇಲೆ ಮತ್ತೆ ಉತ್ತರಕ್ಕೆ ತಿರುಗಿದವು. ಅಂದರೆ ದಿಕ್ಸೂಚಿಯನ್ನು ದಿನಾ ಸಂಜೆ ಸರಿಮಾಡಿಕೊಂಡೇ ಹೊರಡುತ್ತವೆ.

ಇಲ್ಲಿವರೆಗೂ ಹೇಳಿದ್ದು ದಿಕ್ಕಿನ ಮಾತು. ನಕಾಶೆಯ ಮಾತಿಗೆ ಬಂದರೆ ವಿಜ್ಞಾನಿಗಳಲ್ಲೇ ಜಗಳ ಇದೆ. 1952ರಲ್ಲಿ ವೇಲ್ಸ್‌ನ ಸ್ಕೋಕಮ್ ದ್ವೀಪದಿಂದ ಶಿಯರ್‌ವಾಟರ್ ಎಂಬ ಕಡಲಹಕ್ಕಿಯೊಂದನ್ನು ವಿಮಾನದಲ್ಲಿ ಅಮೆರಿಕದ ಬಾಸ್ಟನ್ನಿಗೆ ಒಯ್ದು ಬಿಟ್ಟರು. ನಡುವೆ ಅಟ್ಲಾಂಟಿಕ್ ಸಾಗರ, 5,000 ಕಿ.ಮೀ.ಗೂ ಹೆಚ್ಚು. ಹನ್ನೆರಡೂವರೆ ದಿನಕ್ಕೆ ಹಕ್ಕಿ ತನ್ನ ಬಿಲಕ್ಕೆ ವಾಪಸ್. ಬಿಟ್ಟಿದ್ದೇವೆ ಅಂತ ಅಲ್ಲಿಂದ ಬರೆದ ಕಾಗದ ಇನ್ನೂ ತಲುಪಿರಲಿಲ್ಲ! ಬರೀ ದಿಕ್ಕು ತಿಳಿದ ಹಕ್ಕಿ ಹೀಗೆ ಬರಲಾರದು.

ನಕಾಶೆ ಓದುವುದು ಮೂಗಿನಿಂದ ಅನ್ನುತ್ತಾರೆ ಇಟಲಿಯ ವಿಜ್ಞಾನಿಗಳು. 1970ರ ದಶಕದಿಂದಲೂ ಅವರು ತೋರಿಸುತ್ತಿರುವುದು, ವಾಸನೆ ಗ್ರಹಿಸಲಾಗದಂತೆ ಮಾಡಿದ ಪಾರಿವಾಳಗಳು ಪರಿಚಯವಿಲ್ಲದ ಜಾಗದಿಂದ ಗೂಡಿಗೆ ಬರುವುದಿಲ್ಲ ಎಂದು. ಇತ್ತೀಚೆಗೆ ಅಝೋರ್ಸ್ ದ್ವೀಪಗಳ ಶಿಯರ್‌ವಾಟರ್‌ಗಳನ್ನು ನಡುಗಡಲಿಗೆ ಒಯ್ದು ಬಿಟ್ಟಾಗಲೂ ಹಾಗೇ ಆಯಿತು. ಕಾಂತದ ಅರಿವು ಕೆಡಲೆಂದು ತಲೆಗೆ ಅಯಸ್ಕಾಂತ ಅಂಟಿಸಿದ ಹಕ್ಕಿಗಳು ಸಲೀಸಾಗಿ ಮನೆಗೆ ಬಂದವು, ಮೂಗು ಕಟ್ಟಿದವು ಕಡಲ ಮೇಲೆ ಅಲೆದವು. ರಷ್ಯಾದಲ್ಲಿ ಜೊಂಡುಹುಲ್ಲಿನ ರೀಡ್ ವಾರ್ಬ್ಲರ್ ಮೇಲೆ ನಡೆದ ಪ್ರಯೋಗ ಬೇರೆ ಕಥೆ ಹೇಳುತ್ತೆ. ವಸಂತದಲ್ಲಿ ಈಶಾನ್ಯಕ್ಕೆ ಹೊರಡುವ ಹಕ್ಕಿಯನ್ನು ಇದ್ದಲ್ಲೇ ಇಟ್ಟು, ಸುತ್ತಲಿನ ಕಾಂತಕ್ಷೇತ್ರವನ್ನಷ್ಟೇ ಸಾವಿರ ಕಿಲೋಮೀಟರ್ ಪೂರ್ವದ ಊರಿನದಕ್ಕೆ ಬದಲಿಸಿದರು. ಕಣ್ಣೆದುರಿನ ಆಕಾಶ ಅದೇ, ಗಾಳಿಯ ವಾಸನೆ ಅದೇ. ಹಕ್ಕಿ ಮಾತ್ರ ತಾನು ಪೂರ್ವಕ್ಕೆ ಬಂದುಬಿಟ್ಟೆನೆಂದು ವಾಯವ್ಯಕ್ಕೆ ತಿರುಗಿತು. ನನಗನ್ನಿಸುವಂತೆ ಎರಡೂ ಬಣದವರು ಸರಿ. ಕಡಲಹಕ್ಕಿಗೆ ಮೂಗು ನಂಬಿಕಸ್ಥ, ಪುಟ್ಟ ಹಾಡುಹಕ್ಕಿಗೆ ಕಾಂತ. ಒಂದೇ ಉತ್ತರ ಬೇಕೆನ್ನುವ ಹಟ ನಮ್ಮದು, ಹಕ್ಕಿಗಳದ್ದಲ್ಲ. ಮನೆ ಹತ್ತಿರ ಬಂದ ಮೇಲಂತೂ ಕಣ್ಣೇ ಸಾಕು. ಪಾರಿವಾಳಗಳು ಹೆದ್ದಾರಿಯ ಮೇಲೇ ಹಾರಿ, ತಿರುವಿನಲ್ಲಿ ತಿರುಗುವುದನ್ನು ಆಕ್ಸ್‌ಫರ್ಡಿನವರು ಜಿಪಿಎಸ್ ಕಟ್ಟಿ ನೋಡಿದ್ದಾರೆ.

"ಹಾಗಾದ್ರೆ ದಾರಿ ತಪ್ಪೋದೇ ಇಲ್ವಾ?" ಅನ್ನುವುದು ಮುಂದಿನ ಪ್ರಶ್ನೆ. ತಪ್ಪುತ್ತವೆ, ಮೊದಲ ಸಲದ ಮರಿಗಳಂತೂ ಬೇಕಾದಷ್ಟು. ಗಾಳಿ ಎಳೆದೊಯ್ಯುತ್ತೆ, ದಿಕ್ಕೇ ಎಡವಟ್ಟಾಗಿರುತ್ತೆ. ನಾವೂ ತಪ್ಪಿಸುತ್ತೇವೆ. ಜರ್ಮನಿಯ ಓಲ್ಡನ್‌ಬುರ್ಗ್ ವಿಶ್ವವಿದ್ಯಾಲಯದ ಆವರಣದಲ್ಲಿ ರಾಬಿನ್‌ಗಳಿಗೆ ದಿಕ್ಕೇ ತಿಳಿಯುತ್ತಿರಲಿಲ್ಲ. ಗುಡಿಸಲಿಗೆ ಅಲ್ಯೂಮಿನಿಯಂ ತಗಡು ಹೊದಿಸಿ ಅರ್ಥಿಂಗ್ ಕೊಟ್ಟ ಕೂಡಲೇ ತಿಳಿಯಿತು. ತೊಂದರೆ ಕೊಡುತ್ತಿದ್ದದ್ದು ವಿದ್ಯುತ್ ಉಪಕರಣಗಳು ಸೂಸುವ, ಎಎಂ ರೇಡಿಯೊ ಮಟ್ಟದ ಸಣ್ಣ ಅಲೆಗಳೆಂದು 2014ರಲ್ಲಿ ಪ್ರಕಟಿಸಿದರು. ಮೊಬೈಲ್ ಟವರ್ ಬಗ್ಗೆ ಕೇಳುವವರಿಗೆ ಹೇಳಿಬಿಡುತ್ತೇನೆ, ಆ ಪ್ರಯೋಗದಲ್ಲಿ ಸಿಕ್ಕಿಬಿದ್ದ ಅಲೆಗಳು ಮೊಬೈಲಿನವಕ್ಕಿಂತ ತುಂಬ ಕೆಳಗಿನ ಕಂಪನಾಂಕದವು.

ಬೆಳಕಿನ ಕಾಟ ಇನ್ನೂ ದೊಡ್ಡದು. ನ್ಯೂಯಾರ್ಕಿನಲ್ಲಿ ಸೆಪ್ಟೆಂಬರ್ 11ರ ನೆನಪಿಗೆ ಆಕಾಶಕ್ಕೆ ಹಾಯಿಸುವ ಎರಡು ಬೆಳಕಿನ ಕಂಬಗಳು ಏಳು ವರ್ಷಗಳ ಏಳು ರಾತ್ರಿಗಳಲ್ಲಿ ಸುಮಾರು 11 ಲಕ್ಷ ಹಕ್ಕಿಗಳ ಹಾದಿಯನ್ನು ಕೆಡಿಸಿದವೆಂದು ರೇಡಾರ್ ಲೆಕ್ಕ ಹೇಳುತ್ತೆ. ಸುತ್ತುತ್ತ, ಕೂಗುತ್ತ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದವು. ಈಗ ಹಕ್ಕಿಗಳು ಹೆಚ್ಚು ಸೇರಿದಾಗ ದೀಪವನ್ನು ಸ್ವಲ್ಪ ಹೊತ್ತು ಆರಿಸುತ್ತಾರೆ, ಕೆಲವೇ ನಿಮಿಷಗಳಲ್ಲಿ ಗುಂಪು ಚದುರುತ್ತೆ. ವಲಸೆಯ ತಿಂಗಳುಗಳಲ್ಲಿ ಎತ್ತರದ ಕಟ್ಟಡಗಳಲ್ಲಿ ಬೇಡದ ದೀಪಗಳನ್ನು ನಡುರಾತ್ರಿಯ ಮೇಲೆ ಆರಿಸಿ ಎಂದು ಹಲವು ನಗರಗಳಲ್ಲಿ ಕೇಳಿಕೊಳ್ಳುತ್ತಿರುವುದು ಇದಕ್ಕೇ.