ಮೋಟರ್ ಯಾರಿಗೆ ಬೇಕು?

"ಮೋಟರ್ ಯಾರಿಗೆ ಬೇಕು ಮೇಡಂ? ಇದು ಶೋಪೀಸ್." ಶನಿವಾರ ಮುಂಬೈಯ ಹಳೆ ಸಾಮಾನಿನ ಪೇಟೆ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಕೇಳಿದ ಈ ಮಾತು ಇನ್ನೂ ತಲೆಯಲ್ಲಿ ಸುತ್ತುತ್ತಿದೆ.

ಮೊಣಕಾಲೆತ್ತರದ ಗೊಂಬೆ ಅದು. ಶೂ ರಿಪೇರಿ ಮಾಡುವ ಅಜ್ಜ. ಅಂಗಡಿಯ ಗಾಜಿನ ಹಿಂದೆ ಕೂತು ತಲೆ ತೂಗುತ್ತ, ಸುತ್ತಿಗೆ ಬಡಿಯುತ್ತ, ದಾರಿಹೋಕರನ್ನು ನಿಲ್ಲಿಸುವುದೇ ಅವನ ಕೆಲಸ. ಈಗ ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಮಾಟುಂಗಾದಲ್ಲಿ ವಾಚ್ ರಿಪೇರಿ ಮಾಡುತ್ತಲೇ ತಲೆ ನರೆತ ನನ್ನ ಸೋದರಮಾವ ಪೀಠ ಎತ್ತಿ ಅಡಿಯಲ್ಲಿ ನೋಡಿದರು. ಖಾಲಿ. ಸ್ಕ್ರೂ ತೂತುಗಳು, ಅಮೆರಿಕದ ಚಪ್ಪಟೆ ಕಡ್ಡಿಯ ಪ್ಲಗ್ ಇದ್ದ ಒಂದು ತುಂಡು ವೈರು, ಅಷ್ಟೇ.

"ಪ್ಲಗ್ಗಿಗೆ ಹಾಕಿದೆ, ಸುಟ್ಟುಹೋಯ್ತು. ಬಿಚ್ಚಿ ಗುಜರಿಗೆ ಕೊಟ್ಟೆ," ಅಂದರು ಅಂಗಡಿಯವರು.

"ಕ್ಯಾಮ್ ಕೂಡಾ?" ಎಂದರು ಮಾವ.

"ಎಲ್ಲಾ. ಮೋಟರ್ ಯಾರಿಗೆ ಬೇಕು?"

ಸುಡದೆ ಇರುತ್ತಾ? 110 ವೋಲ್ಟಿನ ಮೋಟರನ್ನು ನಮ್ಮ 230ಕ್ಕೆ ನೇರವಾಗಿ ಕೊಟ್ಟರೆ ಅದರೊಳಗಿನ ತಂತಿಯ ಸುತ್ತು, ಅಂದರೆ ವೈಂಡಿಂಗ್, ತಡೆಯುವುದಿಲ್ಲ. ನಡುವೆ ವೋಲ್ಟೇಜ್ ಇಳಿಸುವ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಕಿತ್ತು. ಹೋಗಲಿ, ಮೋಟರಿಗೆ ಮತ್ತೆ ತಂತಿ ಸುತ್ತಿಸಬಹುದು. ಕ್ಯಾಮ್ ಹಾಗಲ್ಲ. ಅದು ಅಂಚು ಏರುಪೇರಾಗಿರುವ ಒಂದು ಬಿಲ್ಲೆ. ಅದು ತಿರುಗುವಾಗ ಅಂಚಿಗೆ ಒರಗಿದ ಸನ್ನೆಕೋಲು ಉಬ್ಬಿನಲ್ಲಿ ಏರುತ್ತದೆ, ತಗ್ಗಿನಲ್ಲಿ ಇಳಿಯುತ್ತದೆ. ಕೈ ಯಾವಾಗ ಏಳಬೇಕು, ಬಡಿಯುವ ಮೊದಲು ಎಷ್ಟು ಹೊತ್ತು ನಿಲ್ಲಬೇಕು, ಎಲ್ಲವೂ ಆ ಅಂಚಿನಲ್ಲೇ ಇರುತ್ತದೆ. ಅಜ್ಜನ ಸ್ವಭಾವವೇ ಅಲ್ಲಿತ್ತು!

"ಹೊಸದು ಕೊರೆಯೋಕಾಗಲ್ವಾ ಮಾವ?" ಎಂದು ಕೇಳಿದೆ.

"ಕೊರೆಯಬಹುದಮ್ಮಾ. ಆದರೆ ಆಗ ಅವನು ನಾನು ಹೇಳಿದ ಹಾಗೆ ಬಡಿಯುತ್ತಾನೆ."

ಇಂಥ ಗೊಂಬೆಗಳ ಹಿಂದೆ ಎಷ್ಟು ಜನರ ದುಡಿಮೆ ಇದೆ! ಪ್ಯಾರಿಸಿನ ರೂಲೆ ಮತ್ತು ದಕಾಂ ಕಂಪನಿ 19ನೇ ಶತಮಾನದಿಂದಲೇ ಚಲಿಸುವ ಗೊಂಬೆ ಮಾಡುತ್ತಿತ್ತು. ಅಲ್ಲಿನ ದೊಡ್ಡ ಅಂಗಡಿಗಳ ಕ್ರಿಸ್‌ಮಸ್ ಕಿಟಕಿಗಳಿಗೂ ಅವು ಹೋದವು. ಕ್ಯಾಲಿಫೋರ್ನಿಯಾದಲ್ಲಿ 1925ರಲ್ಲಿ ಶುರುವಾದ ಬ್ಯಾರೆಂಜರ್ ಸ್ಟುಡಿಯೋ ಒಡವೆ ಅಂಗಡಿಗಳಿಗೆ ಇವನ್ನು ಬಾಡಿಗೆಗೆ ಕೊಡುತ್ತಿತ್ತು. ಗೊಂಬೆ ಒಂದು ಊರಿಂದ ಇನ್ನೊಂದು ಊರಿಗೆ ತಿರುಗುತ್ತಿತ್ತು, ಕಿಟಕಿಗೆ ಆಗಾಗ ಹೊಸ ಆಟ ಬರುತ್ತಿತ್ತು. ಜನ ನಿಲ್ಲುತ್ತಿದ್ದದ್ದು ಚಲನೆ ನೋಡಿಯೇ, ಅಲ್ವಾ?

ಅಂಗಡಿಯವರು ಕೆಟ್ಟವರಲ್ಲ. ನಮಗೆ ಚಹಾ ತರಿಸಿದರು, ಅಜ್ಜನ ಕನ್ನಡಕವನ್ನು ಮೆಲ್ಲಗೆ ಒರೆಸಿದರು. ನನಗೆ ಜಾಸ್ತಿ ಸಿಟ್ಟು ಇರುವುದು ಸೋಫಾದ ಬಣ್ಣಕ್ಕೆ ಹೊಂದಿದರೆ ಸಾಕು ಎಂದು ಇವನ್ನು ಕೊಳ್ಳುವವರ ಮೇಲೆ. "ಇದು ಹೇಗೆ ಆಡುತ್ತಿತ್ತು?" ಎಂದು ಅವರಲ್ಲೊಬ್ಬರು ಕೇಳಿದ್ದರೂ ಆ ಬಿಲ್ಲೆ ಗುಜರಿಗೆ ಹೋಗುತ್ತಿರಲಿಲ್ಲ. ಗಿರಾಕಿ ಕೇಳದ್ದನ್ನು ವ್ಯಾಪಾರಿ ಯಾಕೆ ಉಳಿಸಿಕೊಳ್ಳುತ್ತಾರೆ?

ಹೊರಡುವಾಗ ಮಾವ ತಮ್ಮ ನಂಬರ್ ಬರೆದುಕೊಟ್ಟರು. "ಮುಂದೆ ಇಂಥದ್ದು ಬಂದರೆ ಪ್ಲಗ್ಗಿಗೆ ಹಾಕಬೇಡಿ. ಸುಟ್ಟಿದ್ದರೂ ಬಿಚ್ಚಬೇಡಿ. ನಾನೇ ಬಂದು ನೋಡ್ತೀನಿ, ದುಡ್ಡು ಬೇಡ." ಮನೆಯಲ್ಲಿ ಇಂಥ ಗೊಂಬೆ ಇರುವವರಿಗೂ ನಾನು ಹೇಳುವುದು ಇದನ್ನೇ: ಮೊದಲು ಪೀಠದ ಅಡಿಯಲ್ಲಿ ನೋಡಿ. ಅಲ್ಲಿ ತುಕ್ಕು ಹಿಡಿದ ಬಿಲ್ಲೆ ಇದ್ದರೆ ಯಾರಿಗೂ ಕೊಡಬೇಡಿ.